ಮುದ್ರಾರಾಕ್ಷಸದಲ್ಲಿ ಕುಟಿಲನೀತಿ

ಕಪಟವನ್ನೂ ನಿರ್ದಯತೆಯನ್ನೂ ಖಳನಿಗೆ ಬಿಡದೆ ನಾಯಕನ ಗುಣವಾಗಿಯೇ ನಿಲ್ಲಿಸಿದ ಸಂಸ್ಕೃತ ನಾಟಕ ವಿಶಾಖದತ್ತನ ‘ಮುದ್ರಾರಾಕ್ಷಸ’. ಇದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಏಳು ಅಂಕಗಳ ಈ ನಾಟಕದಲ್ಲಿ ಪ್ರಣಯಕ್ಕೆ ಜಾಗವೇ ಇಲ್ಲ. ನಂದವಂಶವನ್ನು ಅಳಿಸಿ ಚಂದ್ರಗುಪ್ತ ಮೌರ್ಯನಿಗೆ ಪಟ್ಟ ಕಟ್ಟಿದ ಚಾಣಕ್ಯ, ನಂದರ ನಿಷ್ಠಾವಂತ ಅಮಾತ್ಯ ರಾಕ್ಷಸನನ್ನು ಕೊಲ್ಲದೆ ಚಂದ್ರಗುಪ್ತನಿಗೇ ಮಂತ್ರಿಯಾಗಿಸಲು ಹೂಡುವ ತಂತ್ರವೇ ಕಥೆ.

ರಾಕ್ಷಸನ ಹೆಂಡತಿ ಮಕ್ಕಳು ಅವನ ಗೆಳೆಯ, ರತ್ನವ್ಯಾಪಾರಿ ಚಂದನದಾಸನ ಮನೆಯಲ್ಲಿ ಅಡಗಿದ್ದಾರೆ. ಹೊರಗೋಡಿ ಬಂದ ಮಗುವನ್ನು ತಾಯಿ ಒಳಗೆಳೆದುಕೊಳ್ಳುವಾಗ ರಾಕ್ಷಸನ ಮುದ್ರೆಯುಂಗುರ ಅವಳ ಬೆರಳಿನಿಂದ ಜಾರಿ ಚಾಣಕ್ಯನ ಗೂಢಚಾರನ ಕಾಲ ಬಳಿಗೆ ಉರುಳುತ್ತದೆ. ಆ ಮುದ್ರೆಯೊತ್ತಿದ ಸುಳ್ಳುಪತ್ರವೊಂದು ರಾಕ್ಷಸನಿಗೆ ಆಸರೆಯಾಗಿದ್ದ ಮಲಯಕೇತುವಿನ ಕೈಸೇರುತ್ತದೆ. ಅವನು ರಾಕ್ಷಸನನ್ನು ದೂರ ಮಾಡುವುದಲ್ಲದೆ ತನ್ನ ಮಿತ್ರರಾಜರನ್ನೂ ಕೊಲ್ಲಿಸುತ್ತಾನೆ.

ಕ್ರೌರ್ಯವನ್ನು ಕವಿ ಮರೆಮಾಚುವುದಿಲ್ಲ. ಚಂದ್ರಗುಪ್ತನ ಮಲಗುವ ಮನೆಯ ಗೋಡೆಯ ಬಿರುಕಿನಿಂದ ಇರುವೆಗಳು ಅನ್ನದ ಅಗುಳು ಹೊತ್ತು ಸಾಲಾಗಿ ಬರುವುದನ್ನು ಚಾಣಕ್ಯ ಕಾಣುತ್ತಾನೆ. ಒಳಗೆ ಜನ ಅವಿತಿದ್ದಾರೆಂದು ಅರಿತು ಮನೆಗೇ ಬೆಂಕಿ ಹಚ್ಚಿಸುತ್ತಾನೆ. ಒಳಗಿದ್ದವರು ಬೆಂದು ಸಾಯುತ್ತಾರೆ. ಈ ಸುದ್ದಿಯನ್ನು ನಾವು ಕೇಳುವುದು ಅವರನ್ನು ಕಳುಹಿಸಿದ ರಾಕ್ಷಸನ ಜೊತೆಯಲ್ಲಿ. ವಿಷಕನ್ಯೆಯನ್ನೂ ವಿಷವಿಕ್ಕುವ ವೈದ್ಯನನ್ನೂ ನೇಮಿಸಿದವನು ಅವನೇ ಆದ್ದರಿಂದ, ಇದು ಒಳ್ಳೆಯವನಿಗೂ ಕೆಟ್ಟವನಿಗೂ ನಡೆದ ಹೋರಾಟವಲ್ಲ.

ಹಾಗಾದರೆ ಚಾಣಕ್ಯನ ಕಪಟ ಗುಣವಾಗುವುದು ಹೇಗೆ? ಸ್ವಾರ್ಥವಿಲ್ಲದಿರುವುದು ನಾಟಕ ಕೊಡುವ ಮೊದಲ ಸಮರ್ಥನೆ. ಅರಸನ ಕಂಚುಕಿ ಬಂದು ನೋಡಿದಾಗ ಸಾಮ್ರಾಜ್ಯದ ಸೂತ್ರಧಾರನ ಮನೆಯಲ್ಲಿರುವುದು ಬೆರಣಿ ಒಡೆಯುವ ಕಲ್ಲು, ದರ್ಭೆಯ ರಾಶಿ, ಒಣಗಲು ಹಾಕಿದ ಸಮಿತ್ತಿನ ಭಾರಕ್ಕೆ ಬಾಗಿದ ಸೂರು. ಗೆದ್ದ ಮೇಲೆ ಮಂತ್ರಿಪದವಿಯೂ ಅವನಿಗೆ ಬೇಡ. ಆದರೆ ಈ ಸಮರ್ಥನೆ ಎಲ್ಲರಿಗೂ ಒಪ್ಪಿಗೆಯಾದುದಲ್ಲ: ಏಳನೆಯ ಶತಮಾನದ ಬಾಣ ‘ಕಾದಂಬರಿ’ಯಲ್ಲಿ ಕೌಟಿಲ್ಯನೆಂದೂ ಹೆಸರಾದ ಚಾಣಕ್ಯನ ಶಾಸ್ತ್ರವನ್ನು ದಯೆಯಿಲ್ಲದ ಉಪದೇಶವೆಂದು ಜರೆದಿದ್ದಾನೆ. ಬಾಣನ ಮಾತನ್ನು ನಾಟಕವೂ ಪೂರ್ತಿ ತಳ್ಳಿಹಾಕಿದಂತಿಲ್ಲ. ಯಾಕೆಂದರೆ ಕೊನೆಯ ಗೆಲುವು ಕಪಟದೊಂದರ ಬಲದಿಂದ ಬಂದುದಲ್ಲ. ಗೆಳೆಯನ ಸಂಸಾರವನ್ನು ಒಪ್ಪಿಸಲೊಲ್ಲದ ಚಂದನದಾಸ ಶೂಲಕ್ಕೆ ಹೊರಟಾಗ, ಅವನನ್ನು ಉಳಿಸಲು ರಾಕ್ಷಸ ತಾನಾಗಿ ಬಂದು ಶರಣಾಗುತ್ತಾನೆ. ಇಬ್ಬರಲ್ಲಿ ಒಬ್ಬ ಸ್ವಾರ್ಥಿಯಾಗಿದ್ದರೂ ಚಾಣಕ್ಯನ ಲೆಕ್ಕ ತಪ್ಪುತ್ತಿತ್ತು. ಅವನ ಜಾಣತನ ನಿಂತಿರುವುದು ಎದುರಾಳಿಯ ಸಜ್ಜನಿಕೆಯ ಮೇಲೆ.

ಕನ್ನಡದಲ್ಲಿ ಈ ಕಥೆಯನ್ನು ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಗದ್ಯಕೃತಿಯಾಗಿ ಬರೆದ. ಆಧುನಿಕ ಕನ್ನಡ ಗದ್ಯದ ಇತಿಹಾಸ ಹೇಳುವವರು ಈ ಕೃತಿಯನ್ನು ತಪ್ಪದೆ ನೆನೆಯುತ್ತಾರೆ. ಕೌಟಿಲ್ಯನ ‘ಅರ್ಥಶಾಸ್ತ್ರ’ ಆಗಿನ್ನೂ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದಿದ್ದ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚಿಗೆ ತಂದ ಮೇಲೆ, ನಾಟಕದ ಚಾಣಕ್ಯನನ್ನು ಶಾಸ್ತ್ರದ ಕೌಟಿಲ್ಯನ ಪಕ್ಕದಲ್ಲಿಟ್ಟು ಓದಲು ಸಾಧ್ಯವಾಯಿತು.