ತೂಕ ಒಂದೇ, ಹುರಿ ಬೇರೆ: ಕರ್ಪೂರದ ಅಣು ಕುರಿತು ಒಂದು ಟಿಪ್ಪಣಿ

ತುಂಗಭದ್ರೆಯ ದಂಡೆಯ ರಾಜೋಳಿ ನೇಕಾರರ ಊರು. ಮಗ್ಗದ ಬಳಿಯ ಹುರಿ ಮಾಡಿದ ನೂಲಿನಲ್ಲಿ ಎಡಹುರಿಯದೊಂದು, ಬಲಹುರಿಯದೊಂದು ಎಳೆ ತೆಗೆದುಕೊಳ್ಳೋಣ. ಉದ್ದ ಸಮವಿದ್ದರೆ ತಕ್ಕಡಿಗೆ ಎರಡೂ ಒಂದೇ. ಎಳೆಯನ್ನು ತಲೆಕೆಳಗಾಗಿ ಹಿಡಿದರೂ ಎಡಹುರಿ ಬಲಹುರಿಯಾಗದು. ಎಡ, ಬಲ ಎಂಬ ಎರಡು ರೂಪಗಳಿರುವ ಕೈರಲ್ ಅಣುಗಳ ಸ್ವಭಾವವೂ ಇದೇ.

ದೇವರ ಮುಂದೆ ಉರಿಸುವ ಕರ್ಪೂರ ಅಂಥ ವಸ್ತು. ಕರ್ಪೂರದ ಮರದಿಂದ ಬಂದದ್ದರಲ್ಲಿ ಬಲಮುರಿ ರೂಪವೇ ಪ್ರಧಾನ. ಟರ್ಪೆಂಟೈನ್‌ನ ಪೈನೀನ್‌ನಿಂದ ಕಾರ್ಖಾನೆಯಲ್ಲಿ ತಯಾರಾದದ್ದರಲ್ಲಿ ಸಾಮಾನ್ಯವಾಗಿ ಎರಡೂ ಹೆಚ್ಚುಕಡಿಮೆ ಸಮ. ಅಣುವನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಎರಡಕ್ಕೂ 152 ಎಂಬ ಒಂದೇ ಅಂಕಿ ಕೊಡುತ್ತದೆ. ಹಾಗಾದರೆ ಹುರಿಯನ್ನು ತಿಳಿಯುವುದು ಹೇಗೆ?

ವೃತ್ತೀಯ ಧ್ರುವೀಕೃತ ಬೆಳಕು ತಾನೇ ಒಂದು ಹುರಿ. ಅದು ಕೈರಲ್ ಅಣುವಿನಿಂದ ಹೊರದೂಡಿದ ಎಲೆಕ್ಟ್ರಾನುಗಳು ಬೆಳಕು ಸಾಗುವ ದಿಕ್ಕಿಗೂ ಅದರ ಎದುರು ದಿಕ್ಕಿಗೂ ಸಮವಾಗಿ ಹಂಚಿಹೋಗುವುದಿಲ್ಲ. ತಿರುಗಿಸಿದ ನಟ್ ಬೋಲ್ಟಿನ ಮರೆಯ ಹುರಿಗೆ ತಕ್ಕಂತೆ ಮುಂದಕ್ಕೋ ಹಿಂದಕ್ಕೋ ಸರಿಯುವುದನ್ನು ನೆನೆಯಬಹುದು. ಅನಿಲದಲ್ಲಿ ಅಣುಗಳು ಅಡ್ಡಾದಿಡ್ಡಿಯಾಗಿ ಹೊರಳಿದರೂ ಈ ಅಂತರ ಅಳಿಯದು. ರಿಚಿ ಎಂಬ ವಿಜ್ಞಾನಿ 1976ರಲ್ಲಿ ಇದನ್ನು ಸಿದ್ಧಾಂತದಲ್ಲಿ ಕಂಡರು. 2001ರಲ್ಲಿ ಬ್ರೋಮೊಕರ್ಪೂರದ ಮೇಲೆ ಪ್ರಯೋಗ ನಡೆಯಿತು. 2012ರಲ್ಲಿ ಜರ್ಮನಿಯ ಕಾಸೆಲ್‌ನ ಬೌಮರ್ಟ್ ತಂಡ ಫೆಮ್ಟೊಸೆಕೆಂಡ್ ಲೇಸರಿನಿಂದಲೇ ಕರ್ಪೂರದಲ್ಲಿ, ಫೆಂಕೋನ್ ಎಂಬ ಇನ್ನೊಂದು ಕೈರಲ್ ವಸ್ತುವಿನಲ್ಲಿ ಅದನ್ನು ತೋರಿಸಿತು. ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು. ಅಷ್ಟು ಚುಟುಕಾದ ಮಿಡಿತದಲ್ಲಿ ಅಣು ಹಲವು ಫೋಟಾನುಗಳನ್ನು ಒಟ್ಟಿಗೆ ಹೀರಬಲ್ಲದು. ಹಾಗಾಗಿ ಸಿಂಕ್ರೊಟ್ರಾನ್ ಎಂಬ ಬೃಹತ್ ಯಂತ್ರ ಬೇಕಿಲ್ಲ, ಮೇಜಿನ ಮೇಲಿನ ಉಪಕರಣ ಸಾಕು.

ಇಲ್ಲಿ ಮುಖ್ಯವಾದದ್ದು 2015ರಲ್ಲಿ ಯಾನ್ಸೆನ್, ಪೊವಿಸ್, ಭಾರ್ಗವ ರಾಮ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಕರ್ಪೂರದ ಜತೆಗೆ ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ (ತೂಕ 136) ಬೆರೆಸಿ, ಪ್ರತಿ ಎಲೆಕ್ಟ್ರಾನನ್ನೂ ಅದನ್ನು ಕಳೆದುಕೊಂಡ ಅಯಾನಿನ ಜತೆಗೂಡಿಸಿ ಎಣಿಸಿದರು. ಎಲೆಕ್ಟ್ರಾನ್ ಯಾವ ಅಣುವಿನದೆಂದು ಅಯಾನಿನ ತೂಕ ಹೇಳಿತು, ಆ ಬಗೆಯ ಅಣುಗಳಲ್ಲಿ ಯಾವ ಹುರಿ ಹೆಚ್ಚೆಂದು ಅಂಥ ಎಲೆಕ್ಟ್ರಾನುಗಳ ದಿಕ್ಕಿನ ಹಂಚಿಕೆ ಹೇಳಿತು. ಕಂಡ ಅಸಮತೆ ಶೇ 2ರಿಂದ 4.

ಇಷ್ಟು ಸಣ್ಣ ಅಂಕಿಯನ್ನು ನಂಬಲು ತಾಳ್ಮೆ ಬೇಕು. 10,000 ಎಲೆಕ್ಟ್ರಾನ್ ಎಣಿಸಿದರೆ ಆಕಸ್ಮಿಕ ಏರಿಳಿತವೇ ಸುಮಾರು 100, ಅಂದರೆ ಶೇ 1. ಹಾಗಾಗಿ ಲಕ್ಷಗಟ್ಟಲೆ ಎಣಿಸಬೇಕು. ಬೆಳಕಿನ ಹುರಿ ತಿರುಗಿಸಿದಾಗ ಅಸಮತೆಯ ಚಿಹ್ನೆಯೂ ತಿರುಗಬೇಕು. ತಿರುಗದೆ ಉಳಿದದ್ದು ಉಪಕರಣದ ದೋಷ.

ಈ ಅಳತೆಯಲ್ಲಿ ಸೊನ್ನೆಗೂ ಅರ್ಥವಿದೆ. 152ರಲ್ಲಿ ಎತ್ತರದ ಶಿಖರವಿದ್ದು ಅಸಮತೆ ಸೊನ್ನೆಯಾದರೆ, ಕರ್ಪೂರ ಇಲ್ಲವೆಂದಲ್ಲ, ಎರಡೂ ಹುರಿ ಸಮಸಮವಾಗಿವೆ ಎಂದು ಓದಬೇಕು. ತೂಕವೊಂದನ್ನೇ ನೋಡಿದರೂ, ದಿಕ್ಕೊಂದನ್ನೇ ನೋಡಿದರೂ ಈ ಮಾತು ಹೇಳಲಾಗದು.