ಪುರಸಭೆ ಕಳೆದುಕೊಂಡ ಕೆಂಗೇರಿ

ಸ್ಪೇನ್ ದೇಶದ ತೊಲೇದೊ ಪ್ರಾಂತ್ಯದಲ್ಲಿ ಇಯಾನ್ ದೆ ವಾಕಾಸ್ ಎಂಬ ಹಳ್ಳಿಯಿದೆ. ಅಲ್ಲಿ ಹತ್ತು ಮಂದಿಯೂ ಇಲ್ಲ. ಆದರೂ ಅದಕ್ಕೆ ತನ್ನದೇ ಗಡಿಯುಂಟು, ತನ್ನದೇ ಪುರಸಭೆಯುಂಟು. ಆ ದೇಶದ 8,100ಕ್ಕೂ ಹೆಚ್ಚು ಪುರಸಭೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಾವಿರ ಜನರೂ ಇಲ್ಲದ ಊರುಗಳವು. ತೀರಾ ಚಿಕ್ಕ ಊರುಗಳಲ್ಲಿ ಮತದಾರರೆಲ್ಲ ಒಂದೆಡೆ ಕುಳಿತು ಊರಿನ ವ್ಯವಹಾರ ತೀರ್ಮಾನಿಸುವ ಹಳೆಯ ಪದ್ಧತಿಗೆ ಇಂದಿಗೂ ಕಾನೂನಿನ ಮನ್ನಣೆಯಿದೆ.

ನಮ್ಮ ಪಶ್ಚಿಮ ಬೆಂಗಳೂರಿನ ಕೆಂಗೇರಿಯದು ಇದಕ್ಕೆ ತದ್ವಿರುದ್ಧವಾದ ಕಥೆ. 2001ರ ಜನಗಣತಿಯಲ್ಲೇ ಅದರ ಜನಸಂಖ್ಯೆ 40 ಸಾವಿರ ದಾಟಿತ್ತು. ಆದರೆ ಈಗ ಅದಕ್ಕೆ ಪುರಸಭೆಯಿಲ್ಲ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆಗಳು ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳ ಜೊತೆಗೆ ಒಂದೇ ಒಂದು ಪಟ್ಟಣ ಪುರಸಭೆ ಅದರಲ್ಲಿ ವಿಲೀನವಾಯಿತು. ಅದೇ ಕೆಂಗೇರಿ.

ಬೆಂಗಳೂರು ಒಂದು ದಿಬ್ಬದ ಮೇಲೆ ಕುಳಿತ ಊರು. ದಿಬ್ಬದ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಮೂಲಕ ಕಾವೇರಿಗೆ. ಪಶ್ಚಿಮದ ಇಳಿಜಾರಿನ ಮುಖ್ಯ ತೊರೆ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಡಿ ಅದು ಹುಟ್ಟಿತೆಂಬುದು ಜನರ ನಂಬಿಕೆ. ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿದು, ಕೆಂಗೇರಿಯನ್ನು ಹಾದು, ಬೈರಮಂಗಲದ ಕೆರೆಯತ್ತ ಅದು ಸಾಗುತ್ತದೆ. ಕೆಂಗೇರಿ ಈ ಕಣಿವೆಯ ಊರು. ಮೇಲಿನ ನಗರ ಏನನ್ನು ಹರಿಯಬಿಟ್ಟರೂ ಅದು ಮೊದಲು ಬರುವುದು ಇಲ್ಲಿಗೆ.

ಹಿಂದೆ ಕೆಂಗೇರಿಯೆಂದರೆ ಮೈಸೂರು ಹಾದಿಯ ಪೇಟೆ. ರೇಷ್ಮೆಯ ಇತಿಹಾಸದಲ್ಲಿಯೂ ಅದಕ್ಕೊಂದು ಪುಟವಿದೆ. 1866ರಲ್ಲಿ ಇಟಲಿಯ ದೆ ವೆಕ್ಕಿ ಎಂಬಾತ ಉಗಿಯಂತ್ರದಿಂದ ರೇಷ್ಮೆ ಬಿಚ್ಚುವ ಕಾರ್ಖಾನೆಯನ್ನು ಇಲ್ಲಿ ತೆರೆದ. ರೋಗದಿಂದ ಸೊರಗಿದ್ದ ನಾಡತಳಿಗೆ ಬದಲಾಗಿ ಜಪಾನಿನಿಂದ ಹುಳುವಿನ ಮೊಟ್ಟೆ ತರಿಸುವ ಪ್ರಯತ್ನವೂ ನಡೆಯಿತು. 1880ರ ದಶಕದ ಆರಂಭದಲ್ಲಿ ಮೈಸೂರಿನ ರೈಲು ಬಂತು. 2021ರಲ್ಲಿ ಮೆಟ್ರೊ ಬಂತು. ಪೇಟೆ ಬಡಾವಣೆಯಾಯಿತು.

ವಿಲೀನದಿಂದ ಲಾಭವೇ ಆಗಲಿಲ್ಲವೆಂದರೆ ತಪ್ಪಾದೀತು. ಕುಡಿಯುವ ನೀರು, ಒಳಚರಂಡಿಯಂಥ ದೊಡ್ಡ ಕೆಲಸಗಳು ಪುಟ್ಟ ಪುರಸಭೆಯ ಕೈಗೆ ನಿಲುಕುವಂಥವಲ್ಲ. ಆದರೆ ಊರಿನ ಕೆರೆ, ಚರಂಡಿ, ಬೀದಿದೀಪಗಳ ಬಗ್ಗೆ ನಡೆದುಹೋಗಿ ಕೇಳಬಹುದಾಗಿದ್ದ ಕಚೇರಿ ದೂರವಾಯಿತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಲಾಯಿತು. ಅಷ್ಟು ಕಾಲ ಕೆಂಗೇರಿಯವರು ಕೇಳಬೇಕೆಂದರೆ ಆಯ್ಕೆಯಾದ ಒಬ್ಬ ವಾರ್ಡ್ ಸದಸ್ಯನೂ ಇರಲಿಲ್ಲ. ನಗರದ ಕೊಚ್ಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತ ವೃಷಭಾವತಿ ಮಾತ್ರ ಎಂದಿನಂತೆ ಹರಿಯಿತು.

ಸ್ಪೇನಿನ ಸಣ್ಣ ಊರುಗಳಿಗೂ ಹಣದ ಅಡಚಣೆಯಿದೆ. ಹಲವು ಪುರಸಭೆಗಳು ನೀರು ಮತ್ತು ಕಸದ ಕೆಲಸಕ್ಕೆ ಒಕ್ಕೂಟ ಕಟ್ಟಿಕೊಳ್ಳುತ್ತವೆ. ಆದರೆ ತಮ್ಮ ಸಭೆಯನ್ನು ಬಿಟ್ಟುಕೊಡುವುದಿಲ್ಲ. ಕೂಡುವುದಕ್ಕೂ ಕರಗುವುದಕ್ಕೂ ಅಂತರವಿದೆ. ನಗರ ಬೆಳೆದಾಗಲೆಲ್ಲ ಅಕ್ಕಪಕ್ಕದ ಊರುಗಳನ್ನು ಕರಗಿಸಿಕೊಳ್ಳುವ ನಮಗೆ ಈ ಅಂತರ ತಿಳಿದಿರಬೇಕು.