ಲೆ ಹಿಜಾಬೂಜ್

ಹಿಜಾಬ್ ಧರಿಸಿ ಫುಟ್‌ಬಾಲ್ ಆಡುವ ಹಕ್ಕಿಗಾಗಿ ಫ್ರಾನ್ಸಿನ ಮುಸ್ಲಿಂ ಯುವತಿಯರು ಕಟ್ಟಿದ ಸಂಘಟನೆ. 2020ರಲ್ಲಿ ಪ್ಯಾರಿಸ್ ಪ್ರಾಂತ್ಯದಲ್ಲಿ, ಅಲಯನ್ಸ್ ಸಿತುವಾಯೆನ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯ ನೆರವಿನಿಂದ ಆರಂಭವಾಯಿತು. ಫುನೆ ದಿಯಾವಾರಾ ಇದರ ಪ್ರಮುಖ ನಾಯಕಿ.

ಹಿನ್ನೆಲೆ: ಹಿಜಾಬ್ ಧರಿಸಿದ ಕಾರಣಕ್ಕೆ 2011ರಲ್ಲಿ ಇರಾನಿನ ಮಹಿಳಾ ತಂಡ ಒಲಿಂಪಿಕ್ ಅರ್ಹತಾ ಪಂದ್ಯವನ್ನೇ ಕಳೆದುಕೊಂಡಿತು. 2014ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್ ನಿಯಮ ಮಂಡಳಿ ತಲೆವಸ್ತ್ರಕ್ಕೆ ಅನುಮತಿ ನೀಡಿತು. ಫ್ರೆಂಚ್ ಫುಟ್‌ಬಾಲ್ ಒಕ್ಕೂಟ ಮಾತ್ರ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು ತನ್ನ ಪಂದ್ಯಗಳಲ್ಲಿ ನಿಷೇಧಿಸಿತು. ಹವ್ಯಾಸಿ ಪಂದ್ಯಗಳಿಗೂ ಇದು ಅನ್ವಯಿಸಿದ್ದರಿಂದ ಅನೇಕ ಹುಡುಗಿಯರು ಬೆಂಚಿನಲ್ಲೇ ಉಳಿದರು.

ಹೋರಾಟ: ಧರ್ಮ, ಲಿಂಗ, ಮೂಲ ಮೂರರ ತಾರತಮ್ಯವೂ ಇಲ್ಲಿ ಒಂದಾಗಿದೆ ಎಂಬುದು ಸಂಘಟನೆಯ ವಾದ. ಸೌಹಾರ್ದ ಪಂದ್ಯ, ಸಾರ್ವಜನಿಕ ಅಭ್ಯಾಸ, ಸಹಿ ಸಂಗ್ರಹ ಇದರ ದಾರಿಗಳು. 2022ರ ಜನವರಿಯಲ್ಲಿ ಸೆನೆಟ್ ಎಲ್ಲ ಕ್ರೀಡಾ ಸ್ಪರ್ಧೆಗಳಲ್ಲೂ ನಿಷೇಧ ಕೋರುವ ತಿದ್ದುಪಡಿಗೆ ಮತ ಹಾಕಿದಾಗ ಪ್ರತಿಭಟನೆ ತೀವ್ರವಾಯಿತು. ಅದೇ ವೇಳೆಗೆ ಉಡುಪಿಯಿಂದ ಹೊರಟ ತರಗತಿಯ ಹಿಜಾಬ್ ವಿವಾದ ಕರ್ನಾಟಕವಿಡೀ ಹಬ್ಬುತ್ತಿತ್ತು.

ತೀರ್ಪು: ಒಕ್ಕೂಟದ ನಿಷೇಧದ ವಿರುದ್ಧ ಸಂಘಟನೆ ಹೂಡಿದ ಪ್ರಕರಣ ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯವನ್ನು ಮುಟ್ಟಿತು. ನಿಷೇಧ ರದ್ದಾಗಬೇಕೆಂದು ನ್ಯಾಯಾಲಯಕ್ಕೆ ಕಾನೂನು ಅಭಿಪ್ರಾಯ ನೀಡುವ ಸಾರ್ವಜನಿಕ ವರದಿಗಾರರು ಶಿಫಾರಸು ಮಾಡಿದ್ದರೂ, 2023ರ ಜೂನ್ 29ರಂದು ನ್ಯಾಯಾಲಯ ನಿಷೇಧವನ್ನೇ ಎತ್ತಿಹಿಡಿಯಿತು.

ಮಹತ್ವ: ಆಟದಿಂದ ಹೊರಗಿಟ್ಟವರೇ ಸಂಘಟಿತರಾಗಿ ಒಕ್ಕೂಟವೊಂದನ್ನು ಪ್ರಶ್ನಿಸಿದ್ದು ಇದರ ದೊಡ್ಡ ಸಾಧನೆ. ತೀರ್ಪಿನ ಮರುತಿಂಗಳೇ, ಜುಲೈ 30ರಂದು, ಮೊರಾಕ್ಕೊದ ನುಹೈಲಾ ಬೆಂಜಿನಾ ಹಿರಿಯರ ಮಹಿಳಾ ವಿಶ್ವಕಪ್‌ನಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲ ಆಟಗಾರ್ತಿಯಾದರು.